ಭೂಮದ ಎಲೆಗೆ ಬಾರದ ಒಬ್ಬಟ್ಟು

“ಒಬ್ಬಟ್ಟು ಎಷ್ಟು ಕಡಿಮೆ ಬಿತ್ತು ಮೇಡಂ?”

ಹೀಗೆ ಕೇಳಿದವರು ನೆಂಟರಲ್ಲ. ಕನ್ಸ್ಯೂಮರ್ ಕೋರ್ಟಿನ ಕೌಂಟರಿನಲ್ಲಿ ಕೂತಿದ್ದ ಗುಮಾಸ್ತರು. ನನ್ನ ದೂರನ್ನು ಒಂದ್ಸಲ ಓದಿ, ಕನ್ನಡಕ ಹಣೆಗೇರಿಸಿ, ಇನ್ನೊಂದ್ಸಲ ಓದಿ ಕೇಳಿದರು. ಹಿಂದೆ ಕ್ಯೂನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಅವರಲ್ಲಿ ಒಬ್ಬರು ಕೆಟ್ಟ ಫ್ರಿಜ್ಜಿಗೆ ಬಂದವರು, ಇನ್ನೊಬ್ಬರು ಫ್ಲ್ಯಾಟ್ ಕೊಡದೆ ಕೈ ಎತ್ತಿದ ಬಿಲ್ಡರ್ ಮೇಲೆ ಬಂದವರು. ಒಬ್ಬಟ್ಟಿಗೆ ಬಂದವಳು ನಾನೊಬ್ಬಳೇ.

ಸಣ್ಣ ದನಿಯಲ್ಲಿ ಹೇಳಿದೆ, ಎಷ್ಟು ಕಡಿಮೆ ಬಿತ್ತು ಅನ್ನೋದಲ್ಲ ಸಾರ್, ಯಾರಿಗೆ ಕಡಿಮೆ ಬಿತ್ತು ಅನ್ನೋದು ಮುಖ್ಯ. ಅವರಿಗೆ ಅರ್ಥ ಆದ ಹಾಗೆ ಕಾಣಲಿಲ್ಲ. ನಿಮಗೆ ಅರ್ಥ ಆಗುತ್ತೆ. ಮನೆಯಲ್ಲಿ ಒಂದು ಮದುವೆ ಮಾಡಿದ ಯಾರಿಗಾದರೂ ಅರ್ಥ ಆಗುತ್ತೆ.

ಕಡಿಮೆ ಬಿದ್ದಿದ್ದು ಬೀಗರಿಗೆ. ಅದೂ ಭೂಮದೂಟದಲ್ಲಿ.

(ಮುಂದಕ್ಕೆ ಓದುವ ಮೊದಲು ಒಂದು ಮಾತು. ನಮ್ಮ ಬೀಗರ ಮನೆಗೆ ಈ ಪತ್ರಿಕೆ ಬರೋದಿಲ್ಲ. ಅವರು ತರಿಸೋದು ಬೇರೆ ಪೇಪರ್. ವಿಚಾರಿಸಿಕೊಂಡೇ ಬರೀತಿದ್ದೀನಿ. ನಿಮ್ಮಲ್ಲಿ ಯಾರಾದರೂ ಉತ್ತರಹಳ್ಳಿ ಕಡೆಯವರಿದ್ದರೆ ದಯವಿಟ್ಟು ಓದಿ ಪೇಪರ್ ಮಡಚಿಡಿ.)

ನಮ್ಮ ಒಬ್ಬಳೇ ಮಗಳು ಶ್ರುತಿ ಮದುವೆ ಬನಶಂಕರಿ ಸೆಕೆಂಡ್ ಸ್ಟೇಜಿನ ಒಂದು ಛತ್ರದಲ್ಲಿ ಆಯ್ತು. ಮಾಂಗಲ್ಯಧಾರಣೆ ಚೆನ್ನಾಗಾಯ್ತು. ಮೊದಲನೇ ಪಂಕ್ತಿ, ಎರಡನೇ ಪಂಕ್ತಿ, ಮೂರನೇ ಪಂಕ್ತಿ ಎಲ್ಲವೂ ಚೆನ್ನಾಗಾಯ್ತು. ಕೊನೆಗೆ ಉಳಿದಿದ್ದು ಭೂಮ. ಅಂದರೆ ಗೊತ್ತಲ್ಲ, ಎಲ್ಲರ ಊಟ ಆದಮೇಲೆ ಹೆಣ್ಣುಗಂಡಿನ ಜೊತೆ ಗಂಡಿನ ಕಡೆಯ ಹತ್ತಿರದವರನ್ನ ಕೂರಿಸಿ, ಎಲೆ ಸುತ್ತ ರಂಗೋಲಿ ಬಿಟ್ಟು, ಹೆಣ್ಣಿನ ಕಡೆಯವರು ಎದುರಿಗೆ ನಿಂತು ಉಪಚಾರ ಮಾಡಿ ಬಡಿಸೋ ಊಟ. ಇಡೀ ಮದುವೆಯಲ್ಲಿ ಬೇರೆ ಏನು ತಪ್ಪಿದರೂ ನಡೆಯುತ್ತೆ, ಇದೊಂದು ತಪ್ಪಬಾರದು.

ಕೋಸಂಬರಿ ಬಂತು, ಪಲ್ಯ ಬಂತು, ಚಿತ್ರಾನ್ನ ಬಂತು. ಒಬ್ಬಟ್ಟಿನ ಜಾಗಕ್ಕೆ ಒಬ್ಬ ಹುಡುಗ ಬಂದು ತುಪ್ಪದ ಪಾತ್ರೆ ಹಿಡಿದು ನಿಂತ. ತುಪ್ಪ ಬಂತು, ಒಬ್ಬಟ್ಟೆಲ್ಲಿ? ಅಡಿಗೆ ಮನೆಗೆ ಓಡಿದೆ. ಕೆಟರಿಂಗ್ ನಾಗರಾಜ್ ತಲೆ ಕೆರೆದುಕೊಂಡು, ಖಾಲಿ ಆಗೋಯ್ತು ಅಕ್ಕ, ಮೈಸೂರ್‌ಪಾಕ್ ಇದೆ ಹಾಕಿಸಿಬಿಡ್ಲಾ ಅಂದರು. ಎಲ್ಲೋ ಮೂಲೆಯಲ್ಲಿ ಒಂದು ಒಬ್ಬಟ್ಟು ಸಿಕ್ಕಿತು. ಅದನ್ನ ಎರಡು ಮಾಡಿ ಹೆಣ್ಣಿಗೊಂದು ಚೂರು, ಗಂಡಿಗೊಂದು ಚೂರು ಹಾಕಿದ್ದಾಯ್ತು. ಮಿಕ್ಕ ಎಲೆಗಳಲ್ಲಿ ಮೈಸೂರ್‌ಪಾಕ್. ಬೀಗಿತ್ತಿ, ಅಂದರೆ ಶ್ರುತಿಯ ಅತ್ತೆ, ಆ ಮೈಸೂರ್‌ಪಾಕನ್ನು ಒಂದು ಬೆರಳಿನಿಂದ ಎಲೆಯ ಅಂಚಿಗೆ ಸರಿಸಿದರು. ಮಾತಾಡಲಿಲ್ಲ. ಮಾತಾಡಿದ್ದರೇ ವಾಸಿಯಾಗಿತ್ತು.

ಮಾತು ಆಮೇಲೆ ಶುರುವಾಯ್ತು.

ಬೀಗರೌತಣದ ದಿನ ನಗುನಗುತ್ತಾ ಒಂದು. ದೀಪಾವಳಿಗೆ ಒಂದು. ಯಾರದೋ ಮನೆಯ ನಾಮಕರಣದಲ್ಲಿ ಒಂದು. ಯಾವತ್ತೂ ಜಗಳದ ದನಿ ಇಲ್ಲ, ಅಂಥವರೇ ಅಲ್ಲ. “ನಮ್ಮ ಶ್ರುತಿ ತೌರುಮನೆಯವರದು ಕೈ ಸ್ವಲ್ಪ ಹಿಡಿತ. ಎಲೆ ಕಡಿಮೆ ಹೇಳಿದ್ರು ಅಂತ ಕಾಣುತ್ತೆ, ಪಾಪ” ಅಂತ. ಆ ‘ಪಾಪ’ ಇದೆಯಲ್ಲ, ಅದನ್ನ ಮಾತ್ರ ನನ್ನ ಕೈಲಿ ತಡೆಯೋಕೆ ಆಗ್ತಿರಲಿಲ್ಲ. ನಾವು ಎಲೆ ಕಡಿಮೆ ಹೇಳಿರಲಿಲ್ಲ. ಬರೋರಿಗಿಂತ ಐವತ್ತು ಎಲೆ ಜಾಸ್ತಿಯೇ ಇರಲಿ ಅಂತ ನಮ್ಮನೆಯವರು ನನ್ನೆದುರೇ ನಾಗರಾಜ್‌ಗೆ ಹೇಳಿದ್ದರು. ಆದರೆ ಅದನ್ನ ಯಾರ ಹತ್ತಿರ ಹೋಗಿ ಹೇಳೋದು? ಕೇಳದೆ ಹೋಗಿ ಹೇಳಿದರೆ ಸಮಜಾಯಿಷಿ ಅಂತಾರೆ.

ಒಂದಿನ ಶ್ರುತಿ ಮನೆಗೆ ಬಂದಿದ್ದಳು. ಹಬ್ಬ ಅಂತ ಒಬ್ಬಟ್ಟು ಮಾಡಿದ್ದೆ. ಬೇಡ ಅಂದಳು. ಚಿಕ್ಕೋಳಿದ್ದಾಗ ಹೂರಣವನ್ನೇ ಕದ್ದು ತಿನ್ನುತ್ತಿದ್ದ ಹುಡುಗಿ. ಏನಾಯ್ತೇ ಅಂದೆ. ಏನಿಲ್ಲ ಅಂದಳು. ಕೆದಕಿದೆ. ಆಗ ಹೇಳಿದಳು, ಮನೆಗೆ ಯಾರು ಬಂದರೂ ಒಬ್ಬಟ್ಟಿನ ಮಾತು ಬರುತ್ತೆ, ಎಲ್ಲರೂ ನನ್ನ ಮುಖ ನೋಡ್ತಾರೆ ಅಂತ. “ಬಿಡಮ್ಮ, ನನಗೆ ಅಭ್ಯಾಸ ಆಗಿದೆ.”

ಮದುವೆಯಾಗಿ ವರ್ಷ ತುಂಬಿಲ್ಲ, ಅಷ್ಟರಲ್ಲೇ ಏನು ಅಭ್ಯಾಸ? ನಾಳೆ ಅವಳ ಬಾಣಂತನದಲ್ಲೂ ಇದೇ ಮಾತು, ನಾಳಿದ್ದು ಮೊಮ್ಮಗುವಿನ ಎದುರಿಗೂ ಇದೇ ಮಾತು. ತೌರಿನ ಹೆಸರು ಅಂದರೆ ಹೆಣ್ಣುಮಕ್ಕಳಿಗೆ ಬೆನ್ನಿಗೆ ಗೋಡೆ ಇದ್ದ ಹಾಗೆ. ನಾನು ಬದುಕಿರುವಾಗಲೇ ಆ ಗೋಡೆ ಒಂದು ಒಬ್ಬಟ್ಟಿನ ವಿಷಯಕ್ಕೆ ಬೀಳಬೇಕಾ?

ನಾಗರಾಜ್‌ಗೆ ಫೋನ್ ಮಾಡಿದೆ. ತಪ್ಪು ನಮ್ಮದೇ, ಹುಡುಗಿ ಕಡೆಯವರದಲ್ಲ ಅಂತ ಒಂದು ಲೈನ್ ಬರೆದುಕೊಡಿ ಸಾಕು ಅಂದೆ. ದುಡ್ಡು ವಾಪಸ್ ಬೇಡ ಅಂತಲೂ ಹೇಳಿದೆ. ಅವರು ನಕ್ಕರು. ಬರೆದುಕೊಟ್ಟರೆ ನಾಳೆ ನನ್ನ ಬಿಸಿನೆಸ್ ಏನಾಗಬೇಕು ಅಕ್ಕ, ಜರಗನಹಳ್ಳಿಯಿಂದ ಜಯನಗರದವರೆಗೆ ನನ್ನ ಕೈಯೂಟ ಉಂಡವರಿದ್ದಾರೆ ಅಂದರು. ಆಮೇಲೆ ಫೋನ್ ಎತ್ತೋದೇ ಬಿಟ್ಟರು.

ಆಗಲೇ ನಮ್ಮ ಬೀದಿಯ ವಕೀಲರೊಬ್ಬರು ಹೇಳಿದ್ದು, ಕನ್ಸ್ಯೂಮರ್ ಕೋರ್ಟಿಗೆ ವಕೀಲರೇ ಬೇಕಿಲ್ಲ, ನೀವೇ ವಾದ ಮಾಡಬಹುದು ಅಂತ. ನನಗೆ ಅಷ್ಟೇ ಸಾಕಾಯ್ತು. ಕೋರ್ಟಿನ ಆರ್ಡರ್ ಒಂದು ಸಿಕ್ಕಿದರೆ ಜೆರಾಕ್ಸ್ ಮಾಡಿಸಿ, ಹಬ್ಬದ ದಿನ ತಾಂಬೂಲದ ಜೊತೆ ಬೀಗಿತ್ತಿ ಕೈಗಿಡಬೇಕು ಅಂತ ಲೆಕ್ಕ ಹಾಕಿದೆ. ಎಂಥಾ ಸಂತೋಷದ ಲೆಕ್ಕ ಅಂತೀರಿ.

ನಮ್ಮನೆಯವರು ಸೊಪ್ಪು ಬಿಡಿಸುತ್ತಾ ಕೂತಿದ್ದರು. ತಲೆ ಎತ್ತದೆ, “ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಸುಮ್ನಿರು” ಅಂದರು. ನಿವೃತ್ತಿ ಆದಮೇಲೆ ಅವರು ಏನಕ್ಕೂ ತಲೆ ಕೆಡಿಸಿಕೊಳ್ಳಲ್ಲ. ಅವರ ಪಾಲಿನ ತಲೆಬಿಸಿಯನ್ನೂ ನಾನೇ ಮಾಡಿಕೊಳ್ಳಬೇಕು. ಹಾಕಿದೆ ಕೇಸು.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಹಾಗಾಯ್ತು ನನ್ನ ಕಥೆ.

ಮೊದಲನೇದು, ಸಾಕ್ಷಿ. ಛತ್ರದಲ್ಲಿ ಅಂದು ನನ್ನ ಸುತ್ತ ನಿಂತು ‘ಛೇ, ಹೀಗಾಗಬಾರದಿತ್ತು’ ಅಂತ ಲೊಚಗುಟ್ಟಿದ ನೆಂಟರು ಎಷ್ಟು ಜನ. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ನಮ್ಮ ಸೋದರಮಾವ, ನಾನು ಮೊದಲನೇ ಪಂಕ್ತಿಗೇ ಕೂತುಬಿಟ್ಟಿದ್ದೆನಮ್ಮ, ನಂಗೆ ಸಿಕ್ಕಿತಪ್ಪ ಅಂದರು. ಭಾವ, ನನಗೆ ಶುಗರ್ರು, ಒಬ್ಬಟ್ಟಿನ ಕಡೆ ತಿರುಗಿಯೂ ನೋಡಿಲ್ಲ ಅಂದರು. (ಅವರ ಎಲೆಗೆ ಎರಡನೇ ಸಲ ತುಪ್ಪ ಹಾಕಿದ್ದು ನಾನೇ.) ಕೊನೆಗೆ ಎಲ್ಲರ ಮಾತೂ ಒಂದೇ. ಊಟ ಚೆನ್ನಾಗಿತ್ತು, ನಮಗ್ಯಾಕೆ ಕೋರ್ಟು ಕಚೇರಿ.

ಎರಡನೇದು ಇನ್ನೂ ಭಯಂಕರ. ನಾಗರಾಜ್ ವಕೀಲರನ್ನಿಟ್ಟು ಉತ್ತರ ಕೊಟ್ಟರು. ಅದರಲ್ಲಿ ಒಂದು ಸಾಲು. ‘ದೂರುದಾರರು ತಿಳಿಸಿದ್ದಕ್ಕಿಂತ ಹೆಚ್ಚು ಜನ ಊಟಕ್ಕೆ ಬಂದ ಕಾರಣ ಸಿಹಿ ಸಾಲದೇ ಹೋಯಿತು.’

ಓದಿ ಕುರ್ಚಿ ಹುಡುಕಿ ಕೂತುಕೊಂಡೆ. ಬೀಗಿತ್ತಿ ಹೇಳೋದೂ ಇದನ್ನೇ ಅಲ್ವಾ? ಅಲ್ಲಿವರೆಗೆ ಅದು ಬರೀ ಬಾಯಿಮಾತಾಗಿತ್ತು. ಈಗ ಕಾಗದದ ಮೇಲೆ, ಸೀಲಿನ ಕೆಳಗೆ ಬಂದಿತ್ತು. ನಾನು ಸೋತರೆ, ಹೆಣ್ಣಿನ ಕಡೆಯವರು ಜನ ಜಾಸ್ತಿ ಕರೆದು ಎಲೆ ಕಡಿಮೆ ಹೇಳಿದರು ಅನ್ನೋದು ಕೋರ್ಟಿನ ತೀರ್ಪಾಗುತ್ತೆ. ಮಗಳ ಹೆಸರು ಉಳಿಸೋಕೆ ಹೋಗಿ ಅವಳ ತೌರಿಗೆ ಸರ್ಕಾರಿ ಮುದ್ರೆ ಒತ್ತಿಸಿಕೊಡ್ತಿದ್ದೀನಾ? ಅವತ್ತಿಂದ ಕುಕ್ಕರ್ ಕೂಗಿದರೂ ಎದೆ ಧಸಕ್ ಅನ್ನೋದು. ಪೋಸ್ಟ್‌ಮ್ಯಾನ್ ಗೇಟು ತಟ್ಟಿದರೆ ಅಡಿಗೆ ಮನೆಯೊಳಗೆ ಬಚ್ಚಿಟ್ಟುಕೊಳ್ಳೋದು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅನ್ನೋ ಅನುಮಾನಕ್ಕೆ ಇನ್ನೊಂದ್ಸಲ ಹಾಕೋದು. ನಮ್ಮನೆಯವರು ಉಪ್ಪುಪ್ಪು ಸಾರು ಉಂಡುಕೊಂಡು, ಕೇಸ್ ಮುಗಿಯೋವರೆಗೆ ನಂಗೆ ಬಿಪಿ ಗ್ಯಾರಂಟಿ ಅಂತಿದ್ದರು.

ಕೇಸನ್ನ ಮಧ್ಯಸ್ಥಿಕೆಗೆ ಕಳಿಸಿದರು. ಎರಡೂ ಕಡೆಯವರನ್ನ ಎದುರುಬದುರು ಕೂರಿಸಿ ರಾಜಿ ಮಾಡಿಸೋ ಪ್ರಯತ್ನ. ಆಗದಿದ್ದರೆ ಮತ್ತೆ ಕೋರ್ಟಿನ ಮುಂದೆ. ನಮ್ಮನೆಯವರು ಬರಲ್ಲ ಅಂದರೆ ಬರಲ್ಲ. ಒಬ್ಬಳೇ ಹೋಗೋಕೆ ನನಗೆ ಧೈರ್ಯ ಇಲ್ಲ. ಶ್ರುತಿಗೆ ಫೋನಿನಲ್ಲಿ ಹೇಳಿಕೊಂಡು ಅತ್ತುಬಿಟ್ಟೆ. ಬೆಳಿಗ್ಗೆ ನೋಡಿದರೆ ಗೇಟಿನ ಮುಂದೆ ಕಾರು. ಅಳಿಯ.

ನಮ್ಮ ಅಳಿಯ ಕಾರ್ತಿಕ್ ಮಿತಭಾಷಿ. ಆಫೀಸಿಗೆ ರಜೆ ಹಾಕಿ ಬಂದಿದ್ದರು. ನಿಮ್ಮ ತಾಯಿಗೆ ಗೊತ್ತಾ ಅಂತ ಕೇಳಿದೆ. ಇಲ್ಲ ಅಂದರು. ಹೇಳಬೇಡಿ, ಗೆದ್ದಮೇಲೆ ನಾನೇ ಹೇಳ್ತೀನಿ ಅಂದೆ. ಆಯ್ತು ಅತ್ತೆ ಅಂತ ಸೀಟ್ ಬೆಲ್ಟ್ ಹಾಕಿಕೊಂಡರು. ಸೌತ್ ಎಂಡ್ ಸರ್ಕಲ್ ಸಿಗ್ನಲ್ಲಿನಲ್ಲಿ ಗಣಪತಿಗೆ ಹರಕೆ ಹೊತ್ತೆ. ಲಾಲ್‌ಬಾಗ್ ದಾಟುವ ಹೊತ್ತಿಗೆ ಬನಶಂಕರಮ್ಮನಿಗೂ ಒಂದು ಹೊತ್ತೆ, ಇರಲಿ ಅಂತ.

ಚಿಕ್ಕ ರೂಮು. ಒಂದು ಟೇಬಲ್ಲು, ಒಂದು ಲ್ಯಾಪ್‌ಟಾಪ್, ಗೋಡೆಗೆ ಒಂದು ಫ್ಯಾನು. ಮಧ್ಯಸ್ಥಗಾರರು ಒಬ್ಬ ಮೇಡಂ, ನನ್ನ ವಯಸ್ಸಿನವರೇ. ಅಳಿಯಂದಿರು ಜೊತೆಗಿರಬಹುದಾ ಅಂತ ಕೇಳಿದೆ, ಇರಲಿ ಅಂದರು. ನಾಗರಾಜ್ ಆಗಲೇ ಬಂದು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಕುಂಕುಮ, ಕತ್ತಿನಲ್ಲಿ ಬೆರಳು ದಪ್ಪದ ಚೈನು. ನನ್ನ ಕಂಡದ್ದೇ ಎದ್ದು ನಿಂತು ನಮಸ್ಕಾರ ಮಾಡಿ, ಚೆನ್ನಾಗಿದ್ದೀರಾ ಅಕ್ಕ, ಶ್ರುತಮ್ಮಂಗೆ ಏನಾದ್ರೂ ವಿಶೇಷನಾ ಅಂತ ವಿಚಾರಿಸಿದರು. ಎದುರಾಳಿ ಅಂದರೆ ಹೀಗಿರ್ತಾರೆ ಅಂತ ನಂಗೆ ಯಾರೂ ಹೇಳಿರಲಿಲ್ಲ. ಬಾಯಿ ತಪ್ಪಿ ಇನ್ನೂ ಇಲ್ಲ ನಾಗರಾಜ್ ಅಂದುಬಿಟ್ಟೆ.

ಮಾತು ಶುರುವಾಯ್ತು. ನಾನು ಬರೆದುಕೊಂಡು ಹೋಗಿದ್ದನ್ನ ಓದಿದೆ. ನಾಗರಾಜ್ ಕೇಳಿ ಮುಗಿಸಿ, ಜೇಬಿನಿಂದ ಪೆನ್‌ಡ್ರೈವ್ ತೆಗೆದರು.

ಏನಿದೆ ಅದರಲ್ಲಿ ಅಂತೀರಾ? ಶ್ರುತಿ ಮದುವೆ ವಿಡಿಯೋ. ನಾವೇ ತೆಗೆಸಿದ್ದು, ಆದರೆ ಅದರ ಕಾಪಿ ಮನೆಗೆ ಬಂದು ಬೀರುವಿನಲ್ಲಿ ಕೂತಿದ್ದು ಬಿಟ್ಟರೆ ಒಬ್ಬರೂ ಪೂರ್ತಿ ನೋಡಿರಲಿಲ್ಲ. ಮದುವೆ ವಿಡಿಯೋ ಪೂರ್ತಿ ನೋಡಿದ ಮನೆ ಯಾವುದಾದರೂ ಇದ್ದರೆ ತಿಳಿಸಿ. ಕೆಟರಿಂಗಿನವರೂ ವಿಡಿಯೋದವರೂ ದೋಸ್ತಿಗಳು. ಊಟದ ಹೊತ್ತಲ್ಲಿ ಕ್ಯಾಮೆರಾ ಎಲೆಯಿಂದೆಲೆಗೆ ಹೋಗಿ ‘ಊಟ ಹೇಗಿದೆ ಸಾರ್’ ಅಂತ ಕೇಳುತ್ತಲ್ಲ, ಆ ತುಂಡನ್ನ ನಾಗರಾಜ್ ತಮ್ಮ ವಾಟ್ಸಾಪ್ ಪ್ರಚಾರಕ್ಕೆ ಅಂತ ಮೊದಲೇ ಇಸಿದುಕೊಂಡಿದ್ದರು.

ಹಾಕಿದರು. ಮೊದಲಿಗೇ ನಮ್ಮ ಸೋದರಮಾವ. ಬಾಯಿ ತುಂಬ ಒಬ್ಬಟ್ಟು ಇಟ್ಟುಕೊಂಡು ಹೆಬ್ಬೆರಳು ಎತ್ತಿ ‘ಸೂಪರ್’. ಆಮೇಲೆ ಭಾವ. ಶುಗರ್ ಇರುವ ಭಾವನ ಎಲೆಯಲ್ಲಿ ಒಂದೂವರೆ ಒಬ್ಬಟ್ಟು, ಮೇಲೆ ತುಪ್ಪದ ಕೆರೆ. ‘ಎಕ್ಸಲೆಂಟ್.’ ಆಮೇಲೆ ಪಕ್ಕದ ಮನೆಯವರು, ಹಳೇ ಮನೆಯವರು, ನಮ್ಮನೆಯವರ ಆಫೀಸಿನವರು. ಸೂಪರ್, ಫಸ್ಟ್ ಕ್ಲಾಸ್, ಸಖತ್ತಾಗಿದೆ. ಮೇಡಂ ತುಟಿ ಕಚ್ಚಿಕೊಂಡು ನೋಡುತ್ತಿದ್ದರು.

ಇದು ನಮ್ಮ ಜನರ ಅಭ್ಯಾಸ ಅಂತ ಅವರಿಗೆ ಹೇಗೆ ವಿವರಿಸಲಿ? ನಮ್ಮಲ್ಲಿ ಎಲೆ ಮುಂದೆ ಕೂತವರು ಯಾರಾದರೂ ಊಟ ಚೆನ್ನಾಗಿಲ್ಲ ಅಂದಿದ್ದುಂಟಾ? ಅನ್ನ ಬೆಂದಿಲ್ಲದಿದ್ದರೂ ಸೂಪರ್ರೇ. ಪಾಯಸ ಸೀದಿದ್ದರೂ ಫಸ್ಟ್ ಕ್ಲಾಸೇ. ನಿಜ ಹೇಳೋದು ಕೈ ತೊಳೆಯುವ ಜಾಗದಲ್ಲಿ, ಅದೂ ಪಿಸುದನಿಯಲ್ಲಿ. ಅಲ್ಲಿಗೆ ಯಾವ ಕ್ಯಾಮೆರಾದವನೂ ಬರೋದಿಲ್ಲ.

ಕೊನೆಗೆ ತೆರೆಯ ಮೇಲೆ ನಾನೇ ಬಂದೆ.

ಮೆರೂನ್ ಸೀರೆ, ತಲೆ ತುಂಬ ಮಲ್ಲಿಗೆ, ಮುಖ ತುಂಬ ನಗು. ‘ಅಮ್ಮ, ಅಡಿಗೆ ಹೇಗಿದೆ, ನೀವೇ ಹೇಳಬೇಕು’ ಅಂತ ಕ್ಯಾಮೆರಾದವನ ದನಿ. ‘ಎಲ್ಲರೂ ಸಂತೋಷವಾಗಿ ಊಟ ಮಾಡ್ತಿದ್ದಾರೆ. ನಾಗರಾಜ್ ಅಡಿಗೆ ಅಂದ್ಮೇಲೆ ಕೇಳಬೇಕಾ, ಸೂಪರ್’ ಅಂತ ನಾನು. ನಾಗರಾಜ್ ಕೈಕಟ್ಟಿಕೊಂಡು ಹಿಂದಕ್ಕೆ ಒರಗಿದರು. ಮೇಡಂ ನನ್ನ ಕಡೆ ತಿರುಗಿದರು. ಭೂಮಿ ಬಾಯಿಬಿಟ್ಟಿದ್ದರೆ ಟೇಬಲ್ ಸಮೇತ ಒಳಗೆ ಹೋಗ್ತಿದ್ದೆ.

ಅವರೆಲ್ಲ ನನ್ನ ಮುಖ ನೋಡುತ್ತಿದ್ದರು. ನನಗೆ ನನ್ನ ಮುಖ ನೋಡೋಕೆ ನಾಚಿಕೆ. ಹಾಗಾಗಿ ತೆರೆಯ ಮೇಲೆ ನನ್ನ ಹಿಂದುಗಡೆ ನೋಡಿದೆ.

ನನ್ನ ಹೆಗಲಿನ ಆಚೆ ಊಟದ ಹಾಲಿನ ಪಕ್ಕದ ಬಾಗಿಲು. ಬಾಗಿಲ ಹೊರಗೆ ದಿಬ್ಬಣದ ಬಸ್ಸು ನಿಂತಿದೆ, ಕನ್ನಡಿಗೆ ಕಟ್ಟಿದ ಹೂವು ಕೂಡ ಕಾಣುತ್ತೆ. ಬಾಗಿಲಲ್ಲಿ ಅರಿಶಿನ ಬಣ್ಣದ ರೇಷ್ಮೆ ಸೀರೆ, ಹಸಿರು ಅಂಚು. ಬೀಗಿತ್ತಿ. ಬಡಿಸೋ ಹುಡುಗರಿಬ್ಬರು ಒಂದು ದೊಡ್ಡ ಬುಟ್ಟಿ ಹಿಡಿದು ಬಂದರು. ಬೀಗಿತ್ತಿ ಮೇಲಿನ ಬಾಳೆಲೆ ಎತ್ತಿ ನೋಡಿದರು. ಒಂದರ ಮೇಲೊಂದು ಒಬ್ಬಟ್ಟು. ಬಸ್ಸಿನ ಕಡೆ ಕೈ ತೋರಿಸಿದರು. ಬುಟ್ಟಿ ಹೋಯ್ತು. ಅದರ ಹಿಂದೆ ಇನ್ನೊಂದು ಬುಟ್ಟಿ. ಅದೂ ಬಸ್ಸಿಗೇ ಹೋಯ್ತು. ಎದುರಿಗೆ ನಾನು, ‘ಕೇಳಬೇಕಾ, ಸೂಪರ್’ ಅಂತ ನಗುತ್ತಲೇ ಇದ್ದೆ.

ಕದ್ದರು ಅಂತ ನಾನು ಹೇಳ್ತಿಲ್ಲ, ಖಂಡಿತ ಇಲ್ಲ. ಭೂಮಕ್ಕೆ ನಿಲ್ಲದೆ ಬೇಗ ಹೊರಟ ವಯಸ್ಸಾದ ನೆಂಟರಿದ್ದರು. ಮದುವೆಗೆ ಬರಲಾಗದವರು ಊರಲ್ಲಿದ್ದರು. ಅವರ ಬಾಯಿಗೂ ಒಂದು ಸಿಹಿ ಹೋಗಲಿ ಅಂತ ಗಂಡಿನ ತಾಯಿ ಕಟ್ಟಿಸಿಕೊಡೋಕೆ ಹೇಳಿದ್ದಾರೆ. ಪದ್ಧತಿಯೇ ಅದು. ಗಂಡಿನ ತಾಯಿ ಹೇಳಿದಮೇಲೆ ಬಡಿಸೋ ಹುಡುಗರು ಇಲ್ಲ ಅಂತಾರಾ? ನಮ್ಮನ್ನೊಂದು ಮಾತು ಕೇಳಬೇಕು ಅಂತ ಯಾರಿಗೂ ಹೊಳೆದಿಲ್ಲ, ಅಷ್ಟೇ. ಆಮೇಲೆ ಅವರಿಗೆ ಮರೆತೂ ಹೋಗಿದೆ. ನಮಗೆ ಮಾತ್ರ ಮರೆಯೋಕೆ ಬಿಡಲಿಲ್ಲ.

ಮೇಡಂ ವಿಡಿಯೋ ನಿಲ್ಲಿಸಿ ಕೇಳಿದರು. “ಜನ ಜಾಸ್ತಿ ಬಂದಿದ್ದಕ್ಕೆ ಖಾಲಿ ಆಯ್ತು ಅಂತಾರೆ ಇವರು. ಅದು ಸುಳ್ಳು ಅನ್ನೋದಕ್ಕೆ ನಿಮ್ಮ ಹತ್ರ ಏನಾದ್ರೂ ಇದೆಯಾ?”

ಇದೆ. ಅವರ ಲ್ಯಾಪ್‌ಟಾಪಿನಲ್ಲೇ ಇದೆ. ಎದುರಾಳಿಯೇ ತನ್ನ ಕೈಯಾರೆ ತಂದುಕೊಟ್ಟಿದ್ದಾನೆ. ಜನ ಜಾಸ್ತಿ ಬಂದಿಲ್ಲ, ನಿಮ್ಮ ಹುಡುಗರು ನನ್ನನ್ನ ಕೇಳದೆ ಎರಡು ಬುಟ್ಟಿ ಬಸ್ಸಿಗೆ ಹಾಕಿದರು ಅಂತ ಬೆರಳು ತೋರಿಸಿದರೆ ಕೇಸು ನನ್ನದು. ಇಷ್ಟು ದಿನ ಹುಡುಕಿದ್ದು ಇದನ್ನೇ. ನಾನು ಕೈ ಎತ್ತಬೇಕು, ಅಷ್ಟೇ.

ಕೈ ಎತ್ತಿದರೆ ಆ ಬೆರಳು ಎಲ್ಲಿಗೆ ಹೋಗುತ್ತೆ? ಮಗಳ ಅತ್ತೆ ಮೇಲೆ.

ಪಕ್ಕಕ್ಕೆ ನೋಡಿದೆ. ಕಾರ್ತಿಕ್ ಕನ್ನಡಕ ತೆಗೆದು ಒರೆಸುತ್ತಿದ್ದರು. ಕಿವಿ ಕೆಂಪಗಾಗಿತ್ತು. ಅವರೂ ನೋಡಿದ್ದಾರೆ ಅಂತ ಗೊತ್ತಾಯ್ತು. ಬಾಯಲ್ಲಿ ಬಿಸಿ ತುಪ್ಪ, ಉಗುಳೋಕೂ ಆಗಲ್ಲ, ನುಂಗೋಕೂ ಆಗಲ್ಲ. ಅಷ್ಟರಲ್ಲಿ ಆ ಮಿತಭಾಷಿ ಅಳಿಯ ಕನ್ನಡಕ ಹಾಕಿಕೊಂಡು ಬಾಯಿಬಿಟ್ಟರು.

“ಮೇಡಂ, ಕೊನೇ ಭಾಗ ಇನ್ನೊಂದ್ಸಲ ಹಾಕ್ತೀರಾ?”

“ಬೇಡ” ಅಂದೆ. ಎಷ್ಟು ಜೋರಾಗಿ ಅಂದೆನೋ, ನಾಗರಾಜ್ ಬೆಚ್ಚಿ ಕಟ್ಟಿಕೊಂಡಿದ್ದ ಕೈ ಬಿಟ್ಟರು. “ಬೇಡ ಮೇಡಂ. ನನ್ನ ಹತ್ರ ಏನೂ ಇಲ್ಲ.”

ಆಮೇಲಿನದು ಬೇಗ ಮುಗೀತು. ಯಾರದೂ ತಪ್ಪಿಲ್ಲ, ಇಬ್ಬರಿಗೂ ತಕರಾರಿಲ್ಲ ಅಂತ ರಾಜಿ ಪತ್ರ. ಅದರಲ್ಲಿ ಒಬ್ಬಟ್ಟಿನ ಹೆಸರೂ ಇರಲಿಲ್ಲ. ಸಹಿ ಹಾಕಿದೆ. ನಾಗರಾಜ್ ದೊಡ್ಡ ಮನಸ್ಸು ಮಾಡಿ, ಮುಂದಿನ ಫಂಕ್ಷನ್ನಿಗೆ ಒಬ್ಬಟ್ಟು ನನ್ನ ಲೆಕ್ಕ ಅಕ್ಕ ಅಂದರು. ಪಾಪ, ತಾನು ಎಂಥಾ ವಿಡಿಯೋ ಜೇಬಿನಲ್ಲಿಟ್ಟುಕೊಂಡು ಓಡಾಡ್ತಿದ್ದೀನಿ ಅಂತ ಅವರಿಗೂ ಗೊತ್ತಿಲ್ಲ.

ಕಾರಿನಲ್ಲಿ ವಾಪಸ್ ಹೊರಟೆವು. ಜಯನಗರ ಬಂದಮೇಲೆ ಕಾರ್ತಿಕ್, ಇವತ್ತೇ ಅಮ್ಮನ ಹತ್ತಿರ ಮಾತಾಡ್ತೀನಿ ಅಂದರು. ಬೇಡ ಅಂತ ಆಣೆ ಹಾಕಿಸಿಕೊಳ್ಳೋ ಹಾಗೆ ಬೇಡಿಕೊಂಡೆ.

“ನೀವು ಹೇಳಿದ್ರೆ, ಸೊಸೆ ಹೇಳಿಕೊಟ್ಟಳು ಅಂತ ಆಗುತ್ತೆ. ನಾನು ಹೇಳಿದ್ರೆ, ಅವಳ ತಾಯಿ ಹಿಂಗೆ ಅಂತ ಆಗುತ್ತೆ. ಯಾರು ಹೇಳಿದ್ರೂ ಅಲ್ಲಿ ಬಾಳಬೇಕಾದೋಳು ಅವಳು.”

ಅವರು ತಲೆಯಾಡಿಸಿದರು. ಮಾತು ಕೊಟ್ಟರಾ ಇಲ್ಲವಾ ಅಂತ ತಿಳಿಯಲಿಲ್ಲ. ಮನೆ ಮುಂದೆ ಇಳಿಸಿ, ನೀವು ಬರೀತೀರಲ್ಲ ಅತ್ತೆ, ಅಂಕಣ, ಅದು ಯಾವ ದಿನ ಬರುತ್ತೆ ಅಂತ ಕೇಳಿದರು. ಭಾನುವಾರ ಅಂದೆ. ಸರಿ ಅಂತ ಹೊರಟುಹೋದರು.

ನಮ್ಮನೆಯವರು ಬಾಗಿಲು ತೆಗೆದು, ಗೆದ್ದು ಸೋತೆಯೋ ಸೋತು ಸತ್ತೆಯೋ ಅಂದರು. ಎರಡೂ ಅಲ್ಲ ಅಂದೆ. ಕೂತು ಎಲ್ಲ ಹೇಳಿದೆ. ಮೊದಲ ಸಲ ಅವರು ಗಾದೆ ಹೇಳಲಿಲ್ಲ. ಎದ್ದು ಹೋಗಿ ಬೀರುವಿನಿಂದ ಶ್ರುತಿ ಮದುವೆ ವಿಡಿಯೋ ತೆಗೆದು, ಹಳೇ ಬೆಡ್‌ಶೀಟಿನ ಅಡಿ ಬಚ್ಚಿಟ್ಟು ಬಂದರು. ಮನೆಗೆ ಬಂದವರು ಯಾರಾದರೂ ಹಾಕಿ ನೋಡಿಬಿಟ್ಟರೆ ಅಂತ.

ಇದೆಂಥಾ ಗ್ರಹಚಾರ ಹೇಳಿ. ಸಾಕ್ಷಿ ಇಲ್ಲ ಅಂತ ಒದ್ದಾಡೋದು ಒಂದು ಸಂಕಟ. ಸಾಕ್ಷಿ ಮನೆಯಲ್ಲೇ ಇದ್ದು, ಅದನ್ನ ಕಳ್ಳಮಾಲಿನ ಹಾಗೆ ನಾವೇ ಬಚ್ಚಿಡೋದು? ಕೋರ್ಟು ಕೇಳೋದು ನಿಜ ಏನು ಅಂತ. ಸಂಸಾರ ಕೇಳೋದು, ನಿಜ ಹೇಳಿದಮೇಲೆ ನಾಳೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣೋಕೆ ಆಗುತ್ತಾ ಅಂತ. ನಾನು ಎರಡನೇ ಪ್ರಶ್ನೆಗೆ ಹೆದರಿ ಮೊದಲನೇದಕ್ಕೆ ಸುಳ್ಳು ಹೇಳಿಬಂದೆ. ನಮ್ಮಮ್ಮನೂ ಹೀಗೇ ಮಾಡುತ್ತಿದ್ದಳು, ಅವಳಮ್ಮನೂ. ನಮ್ಮ ಹೆಣ್ಣುಮಕ್ಕಳ ತೌರು ಇಷ್ಟು ದಿನ ನಿಂತಿರೋದು ಇಂಥಾ ಸುಳ್ಳುಗಳ ಮೇಲೇ ಅನ್ನಿಸುತ್ತೆ.

ಇಲ್ಲಿಗೆ ಮುಗಿಸಬೇಕು ಅಂತಿದ್ದೆ. ಮೇಲಿನ ಪ್ಯಾರಾ ಬರೆದು ಕಾಫಿ ಬೆರೆಸೋಕೆ ಎದ್ದೆ. ಶ್ರುತಿ ಫೋನು.

ದನಿ ಸರಿ ಇರಲಿಲ್ಲ. ಅವಳಿಗೆ ಈಗ ಎರಡು ತಿಂಗಳು. (ನಿಮಗೂ ಹೇಳಿರಲಿಲ್ಲ, ಕಣ್ಣು ಬೀಳುತ್ತೆ ಅಂತ. ಹೋಗಲಿ, ಈಗ ಹೇಳಿದ್ದಾಯ್ತು.) ಸೀಮಂತದ ಮಾತು ಬಂದಿದೆ. ಬೀಗಿತ್ತಿ ಮನೆ ತುಂಬ ಜನರ ಎದುರು, ಸೀಮಂತದೂಟ ನಾವೇ ನೋಡಿಕೊಳ್ತೀವಿ, ಅವಳ ತೌರಿನವರಿಗೆ ಬಿಟ್ಟರೆ ಬಸುರಿಗೇ ಒಬ್ಬಟ್ಟು ಸಿಗಲ್ಲ ಪಾಪ ಅಂದರಂತೆ. ಎಲ್ಲರೂ ನಕ್ಕರಂತೆ. ನನ್ನ ಮಗಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳಂತೆ.

ಸಮಾಧಾನ ಹೇಳೋಕೆ ಹೋದೆ. ಬಿಡು ಪುಟ್ಟ, ಅಭ್ಯಾಸ ಆಗುತ್ತೆ ಅಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ.

“ಆಗಲ್ಲಮ್ಮ” ಅಂದಳು ಶ್ರುತಿ. “ನನಗೆ ಅಭ್ಯಾಸ ಆಗೋದು ಬೇಡ. ಕಾರ್ತಿಕ್ ನನಗೆ ಎಲ್ಲಾ ಹೇಳಿದ್ದಾರೆ. ಒಂದನೇ ತಾರೀಖಿಂದ ಇಲ್ಲಿ ಅವರೇ ಪೇಪರ್ ಬದಲಾಯಿಸಿದ್ದಾರೆ, ನೀನು ಬರೆಯೋದೇ ಬರುತ್ತೆ. ಭಾನುವಾರ ಅತ್ತೆ ಮೊದಲು ಓದೋದು ನಿನ್ನ ಅಂಕಣವೇ. ಬರಿ.”

ಫೋನಿಟ್ಟಳು. ನಾನು ಅಡಿಗೆ ಮನೆಯಲ್ಲೇ ನಿಂತಿದ್ದೆ. ಎಂಥಾ ಹೆದರಿಕೆ ಅಂದರೆ, ಕೋರ್ಟಿನ ಕೌಂಟರಿನಲ್ಲೂ ಅಷ್ಟು ಹೆದರಿರಲಿಲ್ಲ. ಮೇಲಿನ ಬ್ರ್ಯಾಕೆಟ್ಟು ನೆನಪಾಯ್ತು, ಅವರ ಮನೆಗೆ ಈ ಪತ್ರಿಕೆ ಬರೋದಿಲ್ಲ ಅಂದಿದ್ದು. ಬರೆದಿದ್ದನ್ನೆಲ್ಲ ತಂದು ನಮ್ಮನೆಯವರ ಮುಂದಿಟ್ಟೆ. ಅವರು ಕೊನೆಯವರೆಗೆ ಓದಿದರು. ಹರಿದುಹಾಕಲಾ ಅಂತ ಕೇಳಿದೆ. ಹಾಳೆಗಳನ್ನ ಜೋಡಿಸಿ ನನ್ನ ಕೈಗೇ ಕೊಟ್ಟು, ನಿನ್ನ ಬರಹ, ನಿನ್ನ ಮಗಳು ಅಂದರು. ಆಮೇಲೆ ಎದ್ದು ಹೋಗಿ, ಬೆಡ್‌ಶೀಟಿನ ಅಡಿಯಲ್ಲಿದ್ದ ವಿಡಿಯೋ ತೆಗೆದು, ಟಿವಿ ಪಕ್ಕಕ್ಕೆ ಇಟ್ಟು ಬಂದರು.

ಸಂಪಾದಕರು ಸಂಜೆಯೊಳಗೆ ಕಳಿಸಿ ಅಂದಿದ್ದಾರೆ. ಬ್ರ್ಯಾಕೆಟ್ಟನ್ನ ತೆಗೆಯದೆ ಹಾಗೇ ಬಿಟ್ಟಿದ್ದೀನಿ. ಕಳಿಸುತ್ತಿದ್ದೀನಿ. ಹೆಣ್ಣಿನ ಕಡೆಯವಳಾಗಿ ಮದುವೆ ದಿನವೇ ಎದುರಿಗೆ ನಿಂತು ವಿಚಾರಿಸಬೇಕಾಗಿದ್ದ ಉಪಚಾರದ ಮಾತೊಂದು ಬಾಕಿ ಉಳಿದಿದೆ.

ಬೀಗಿತ್ತಿಯವರೇ, ನಮಸ್ಕಾರ. ಅವತ್ತು ಬಸ್ಸಿನಲ್ಲಿ ಒಬ್ಬಟ್ಟು ಎಲ್ಲರಿಗೂ ಸಾಕಾಯ್ತಾ?